ನಾಲ್ಕು ವರ್ಷಗಳಲ್ಲಿ ಸ್ಪ್ಯಾನಿಷ್ ಉಪಾಧ್ಯಾಯ

ಬಾಸ್ಟನ್ ನಗರದ ವರ್ತಕನಾದ ಅಬಿಯೆಲ್ ಸ್ಮಿತ್ ಎಂಬಾತನು 1815ರಲ್ಲಿ ಕಾಲವಾದಾಗ, ಹಾರ್ವರ್ಡ್ ಕಾಲೇಜಿಗೆ 20,000 ಡಾಲರುಗಳನ್ನು ತನ್ನ ಮರಣಶಾಸನದಲ್ಲಿ ದತ್ತಿಯಾಗಿ ಬಿಟ್ಟು, ಅದರ ಉತ್ಪನ್ನದಿಂದ ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳನ್ನೂ ಅವುಗಳ ಸಾಹಿತ್ಯವನ್ನೂ ಬೋಧಿಸುವ ಪ್ರಾಧ್ಯಾಪಕಪೀಠವೊಂದನ್ನು ಸ್ಥಾಪಿಸತಕ್ಕದ್ದೆಂದು ವಿಧಿಸಿದ್ದನು. ಗ್ರೀಕ್, ಲ್ಯಾಟಿನ್ ಮತ್ತು ಗಣಿತಗಳಿಗೆ ಅಗ್ರಪೂಜೆ ಸಲ್ಲುತ್ತಿದ್ದ ಆ ದಿನಗಳಲ್ಲಿ ಜೀವಂತ ಭಾಷೆಗಳ ವ್ಯಾಸಂಗಕ್ಕೆಂದು ಇಷ್ಟು ದೊಡ್ಡ ಮೊತ್ತವನ್ನು ಮೀಸಲಿಡುವುದು ಅಸಾಧಾರಣವಾದ ದೂರದೃಷ್ಟಿಯೇ ಸರಿ. ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜುಗಳಲ್ಲಿ ಮಿಕ್ಕ ಯಾವ ವಿದೇಶೀ ಭಾಷೆಗಿಂತಲೂ ಅಧಿಕ ಸಂಖ್ಯೆಯ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಿರುವುದು ಸ್ಪ್ಯಾನಿಷ್ ಭಾಷೆಯನ್ನು. ಅವರಲ್ಲಿ ಅನೇಕರು ಆ ಭಾಷೆಯಲ್ಲಿ ಪದವಿ ಪಡೆದು ಶಾಲೆಗಳಲ್ಲಿ ಅದನ್ನೇ ಬೋಧಿಸಬೇಕೆಂಬ ಹಂಬಲವುಳ್ಳವರು. ಅಂತಹ ವಿದ್ಯಾರ್ಥಿಯೊಬ್ಬನು ಕಾಲೇಜಿಗೆ ಸೇರಿದ ಮೊದಲ ವಾರದಲ್ಲಿ ತನ್ನ ನಾಲ್ಕು ವರ್ಷಗಳ ಅಭ್ಯಾಸಕ್ರಮವನ್ನು ರೂಪಿಸಿಕೊಳ್ಳಲು ಕುಳಿತಾಗ ಅವನ ಕೈಗೆ ಬರುವ ಪಠ್ಯವಿಷಯಗಳ ಪಟ್ಟಿಯು, ತಲೆಮಾರಿಗೊಂದು ಅಂಕಣವನ್ನು ಸೇರಿಸುತ್ತ ಬೆಳೆದ ಹಳೆಯ ಮನೆಯನ್ನು ಹೋಲುತ್ತದೆ. ಯಾವ ಅಂಕಣವನ್ನು ಯಾರು, ಯಾವ ಪ್ರಯೋಜನಕ್ಕಾಗಿ ಕಟ್ಟಿದರೆಂಬುದನ್ನು ಅರಿತವನಿಗೆ ಅದರಲ್ಲಿ ದಾರಿ ಕಾಣುತ್ತದೆ. ಅರಿಯದವನು ನಾಲ್ಕನೆಯ ವರ್ಷದಲ್ಲಿ ತಡಕಾಡುತ್ತಾನೆ.

ಸ್ಮಿತ್ ಪೀಠಕ್ಕೆ ಮೊತ್ತಮೊದಲು ಆರಿಸಲ್ಪಟ್ಟವನು ಜಾರ್ಜ್ ಟಿಕ್ನರ್. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಈ ತರುಣನಿಗೆ 1816ರಲ್ಲಿ ಕರೆ ಬಂದಾಗ ಅವನಿಗೆ ಸ್ಪ್ಯಾನಿಷ್ ಸಾಹಿತ್ಯದಲ್ಲಿ ವಿಶೇಷವಾದ ಪರಿಶ್ರಮವೇನೂ ಇರಲಿಲ್ಲ. ಪೀಠದ ಹೊಣೆಯನ್ನು ಒಪ್ಪಿಕೊಂಡ ಮೇಲೆಯೇ, 1818ರಲ್ಲಿ ಅವನು ಸ್ಪೇನಿಗೆ ತೆರಳಿ, ಮ್ಯಾಡ್ರಿಡ್ ನಗರದಲ್ಲಿ ಹೊಸೆ ಆಂಟೋನಿಯೋ ಕಾಂಡೆ ಎಂಬ ಅರಬ್ಬೀ ವಿದ್ವಾಂಸನ ಬಳಿ ಕುಳಿತು ಪ್ರಾಚೀನ ಕಾವ್ಯಗಳನ್ನು ಓದಿ, ಸಿಕ್ಕಷ್ಟು ಗ್ರಂಥಗಳನ್ನು ಸಂಗ್ರಹಿಸಿಕೊಂಡು ಹಿಂದಿರುಗಿ, 1819ರಲ್ಲಿ ಪೀಠವನ್ನಲಂಕರಿಸಿದನು. ಮೂರು ದಶಕಗಳ ತರುವಾಯ, 1849ರಲ್ಲಿ, ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಸ್ಪ್ಯಾನಿಷ್ ಸಾಹಿತ್ಯ ಚರಿತ್ರೆಯು ಸ್ಪೇನಿನ ವಿದ್ವಾಂಸರಿಂದಲೂ ಗೌರವ ಪಡೆಯಿತು. ಅಟ್ಲಾಂಟಿಕ್ ಸಾಗರದಾಚೆ ಹುಟ್ಟಿದವನೊಬ್ಬನು, ಪ್ರೌಢವಯಸ್ಸಿನಲ್ಲಿ ಕಲಿತ ಪರಭಾಷೆಯೊಂದರ ಸಮಗ್ರ ಸಾಹಿತ್ಯದ ಇತಿಹಾಸವನ್ನು ಬರೆದುದು ಸಾಮಾನ್ಯವಾದ ತಪಸ್ಸಲ್ಲ.

ಆದರೆ ಟಿಕ್ನರನು ಮಾಡಿದ ವ್ಯವಸ್ಥೆಯಲ್ಲಿಯೇ ಮುಂದಿನ ಎರಡು ಶತಮಾನಗಳ ತೊಡಕಿನ ಬೀಜವೂ ಇತ್ತು. ಅವನು ಸಾಹಿತ್ಯದ ಮೇಲೆ ಇಂಗ್ಲಿಷಿನಲ್ಲಿ ಉಪನ್ಯಾಸಗಳನ್ನು ಕೊಡುತ್ತಿದ್ದನು; ಉಚ್ಚಾರಣೆಯನ್ನು ತಿದ್ದುವುದು, ವ್ಯಾಕರಣವನ್ನು ಕಲಿಸುವುದು, ಪಾಠವನ್ನು ಒಪ್ಪಿಸಿಕೊಳ್ಳುವುದು ಮುಂತಾದ ಕೆಲಸವೆಲ್ಲ ಅವನ ಕೈಕೆಳಗಿನ ಉಪಾಧ್ಯಾಯರದು. ಸ್ಪ್ಯಾನಿಷ್ ಪಾಠ ಹೇಳುತ್ತಿದ್ದವನು ಫ್ರಾನ್ಸಿಸ್ ಸೇಲ್ಸ್. ಅವನು ಸಿದ್ಧಪಡಿಸಿದ ವ್ಯಾಕರಣ ಮತ್ತು ವಾಚನಪುಸ್ತಕಗಳಿಂದಲೇ ಆ ಕಾಲದ ಹುಡುಗರು ಭಾಷೆಯನ್ನು ಕಲಿತರು. ಕೀರ್ತಿಯು ಪೀಠಕ್ಕೆ ಸೇರಿತು, ಶ್ರಮವು ಉಪಾಧ್ಯಾಯನಿಗೆ ಉಳಿಯಿತು. ಇಷ್ಟಾದರೂ ಟಿಕ್ನರನು ಮಾಡಿದ ಒಂದು ಸುಧಾರಣೆಯನ್ನು ಕೃತಜ್ಞತೆಯಿಂದ ನೆನೆಯಬೇಕು. ವಿದ್ಯಾರ್ಥಿಗಳನ್ನು ಅವರು ಸೇರಿದ ವರ್ಷಕ್ಕನುಸಾರವಾಗಿ ಕೂರಿಸುವುದನ್ನು ಬಿಟ್ಟು, ಅವರವರ ಸಾಮರ್ಥ್ಯಕ್ಕನುಗುಣವಾಗಿ ವಿಂಗಡಿಸಬೇಕೆಂದು ಅವನು ಸಾಧಿಸಿದನು. 1825ರ ಈ ನಿಯಮವು ಕಾಲೇಜಿನ ಮಿಕ್ಕ ವಿಭಾಗಗಳಲ್ಲಿ ನೆಲೆಗೊಳ್ಳದೆ ಅವನ ವಿಭಾಗದಲ್ಲಿ ಮಾತ್ರ ಉಳಿದುಕೊಂಡಿತು. ಇಂದು ಹೊಸ ವಿದ್ಯಾರ್ಥಿಯು ಬರೆಯುವ ಭಾಷಾಸಾಮರ್ಥ್ಯ ಪರೀಕ್ಷೆಯ ಹಿಂದಿರುವುದು ಇದೇ ವಿಚಾರ.

ಟಿಕ್ನರನ ನಂತರ ಆ ಪೀಠಕ್ಕೆ ಬಂದವನು ಕವಿ ಲಾಂಗ್‌ಫೆಲೋ. ಅವನ ಬಳಿಕ ಮತ್ತೊಬ್ಬ ಕವಿ ಲೋವೆಲ್. ಲಾಂಗ್‌ಫೆಲೋ ಇದಕ್ಕೆ ಮೊದಲು ಬೌಡನ್ ಕಾಲೇಜಿನಲ್ಲಿ 1829ರಿಂದ ಭಾಷಾಪಾಠವನ್ನು ತಾನೇ ಹೇಳುತ್ತ, ತಕ್ಕ ಪಠ್ಯಪುಸ್ತಕಗಳಿಲ್ಲದುದರಿಂದ ಅವನ್ನೂ ತಾನೇ ಸಿದ್ಧಪಡಿಸಿದವನು. ಆದರೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸ್ಪ್ಯಾನಿಷ್ ಕೆಲವೇ ಕಾಲೇಜುಗಳ ಸೊತ್ತಾಗಿತ್ತು. ಶಾಲೆಗಳಲ್ಲಿ ಮೆರೆಯುತ್ತಿದ್ದುದು ಜರ್ಮನ್.

ಆ ಸ್ಥಿತಿಯನ್ನು ಮೊದಲನೆಯ ಮಹಾಯುದ್ಧವು ತಲೆಕೆಳಗುಮಾಡಿತು. 1915ರಲ್ಲಿ ಅಮೆರಿಕದ ಸಾರ್ವಜನಿಕ ಪ್ರೌಢಶಾಲೆಗಳ ವಿದ್ಯಾರ್ಥಿಗಳಲ್ಲಿ ಶೇಕಡಾ 24ರಷ್ಟು ಮಂದಿ ಜರ್ಮನ್ ಕಲಿಯುತ್ತಿದ್ದರು, ಸ್ಪ್ಯಾನಿಷ್ ಕಲಿಯುತ್ತಿದ್ದವರು ಶೇಕಡಾ 3ಕ್ಕೂ ಕಡಿಮೆ. 1922ರ ವೇಳೆಗೆ ಜರ್ಮನ್ ಶೇಕಡಾ 1ಕ್ಕಿಂತಲೂ ಕೆಳಗಿಳಿದು, ಸ್ಪ್ಯಾನಿಷ್ ಶೇಕಡಾ 11ನ್ನು ದಾಟಿತ್ತು. ಶತ್ರುರಾಷ್ಟ್ರದ ಭಾಷೆಯೆಂಬ ದ್ವೇಷವು ಒಂದು ಭಾಷೆಯನ್ನು ಶಾಲೆಗಳಿಂದ ಹೊರದೂಡಿತು. 1914ರಲ್ಲಿ ತೆರೆದ ಪನಾಮಾ ಕಾಲುವೆಯೂ ದಕ್ಷಿಣ ಅಮೆರಿಕದೊಡನೆ ವ್ಯಾಪಾರ ವೃದ್ಧಿಸೀತೆಂಬ ಆಶೆಯೂ ತೆರವಾದ ಸ್ಥಳಕ್ಕೆ ಮತ್ತೊಂದನ್ನು ಕರೆತಂದವು. ವಿದ್ಯಾರ್ಥಿಗಳು ಸಾವಿರಗಟ್ಟಲೆ ಬಂದರು. ಉಪಾಧ್ಯಾಯರು ಎಲ್ಲಿಂದ ಬರಬೇಕು? ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಜರ್ಮನ್ ಉಪಾಧ್ಯಾಯರು ಬೇಸಗೆಯ ರಜೆಯಲ್ಲಿ ಅವಸರ ಅವಸರವಾಗಿ ಸ್ಪ್ಯಾನಿಷ್ ವ್ಯಾಕರಣವನ್ನು ಓದಿಕೊಂಡು, ಶಾಲೆ ತೆರೆಯುವ ಹೊತ್ತಿಗೆ ಅದರ ಉಪಾಧ್ಯಾಯರಾಗಿ ನಿಂತರು. ಜೀವನೋಪಾಯಕ್ಕಾಗಿ ಹಾಗೆ ಮಾಡಿದ ಅವರನ್ನು ನಾನು ನಿಂದಿಸಲಾರೆ. ಉಪಾಧ್ಯಾಯರನ್ನು ತಯಾರು ಮಾಡುವುದು ವಿಶ್ವವಿದ್ಯಾನಿಲಯದ ಕರ್ತವ್ಯವೆಂಬ ಭಾವನೆಯು ಆವರೆಗೆ ಆ ವಿಭಾಗಗಳಲ್ಲಿ ಮೂಡಿರಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಅದು ಮೂಡಿದ್ದು ಈ ಸಂಕಟದಿಂದಲೇ. 1917ರಲ್ಲಿ ಸ್ಪ್ಯಾನಿಷ್ ಉಪಾಧ್ಯಾಯರ ರಾಷ್ಟ್ರೀಯ ಸಂಘವು ನ್ಯೂಯಾರ್ಕಿನಲ್ಲಿ ಸ್ಥಾಪಿತವಾಯಿತು. ಆ ನಗರದ ಶಾಲೆಗಳಲ್ಲಿ ದುಡಿಯುತ್ತಿದ್ದ ಲಾರೆನ್ಸ್ ವಿಲ್ಕಿನ್ಸ್ ಅದರ ಮೊದಲ ಅಧ್ಯಕ್ಷ. ಸ್ಟ್ಯಾನ್‌ಫರ್ಡಿನ ಆರೇಲಿಯೋ ಎಸ್ಪಿನೋಸಾ ಅದರ ಪತ್ರಿಕೆಯಾದ ‘ಹಿಸ್ಪಾನಿಯಾ’ದ ಸಂಪಾದಕ. ಅದೇ ವರ್ಷ ವರ್ಮಾಂಟ್ ಪ್ರಾಂತದ ಮಿಡಲ್‌ಬರಿ ಕಾಲೇಜು ತನ್ನ ಬೇಸಗೆಯ ಸ್ಪ್ಯಾನಿಷ್ ಶಾಲೆಯನ್ನು ಆರಂಭಿಸಿತು. ಕಲಿಯುತ್ತಿರುವ ಭಾಷೆಯನ್ನಲ್ಲದೆ ಬೇರೊಂದು ಭಾಷೆಯನ್ನು ಆಡುವುದಿಲ್ಲವೆಂಬ ವ್ರತವನ್ನು ಕೈಗೊಂಡು ವಿದ್ಯಾರ್ಥಿಗಳು ಬೇಸಗೆಯನ್ನು ಕಳೆಯುವ ಅಲ್ಲಿನ ಸಂಪ್ರದಾಯ ಇಂದಿಗೂ ಪ್ರಸಿದ್ಧ. ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ 1916ರಲ್ಲಿ ಸ್ಪೇನಿನಿಂದ ಫೆಡೆರಿಕೋ ಡಿ ಓನಿಸ್ ಬಂದನು. ಮುಂದೆ ಸ್ಪೇನಿನ ಅಂತರ್ಯುದ್ಧವು ಆ ದೇಶಕ್ಕೆ ಶಾಪವಾಗಿ, ಅಮೆರಿಕದ ಸ್ಪ್ಯಾನಿಷ್ ವಿಭಾಗಗಳಿಗೆ ವರವಾಗಿ ಪರಿಣಮಿಸಿತು. ಧ್ವನಿಶಾಸ್ತ್ರಜ್ಞ ನವಾರೋ ತೊಮಾಸ್ ಕೊಲಂಬಿಯಾದಲ್ಲಿ, ಇತಿಹಾಸಕಾರ ಅಮೆರಿಕೋ ಕಾಸ್ತ್ರೋ ಪ್ರಿನ್ಸ್‌ಟನ್ನಿನಲ್ಲಿ, ಕವಿಗಳಾದ ಪೆದ್ರೋ ಸಾಲಿನಾಸ್ ಮತ್ತು ಹೋರ್ಹೆ ಗಿಯೆನ್ ವೆಲ್ಸ್‌ಲಿ ಕಾಲೇಜಿನಲ್ಲಿ ಪಾಠ ಹೇಳಿದರು. ತಾಯ್ನಾಡಿನಲ್ಲಿ ಬಾಳಲಾಗದ ಮಹನೀಯರ ಬಾಯಿಂದ ಅವರ ತಾಯ್ನುಡಿಯನ್ನು ಕೇಳುವ ಯೋಗ ಅಲ್ಲಿನ ಹುಡುಗ ಹುಡುಗಿಯರಿಗೆ ಲಭಿಸಿತೆಂಬುದನ್ನು ನೆನೆದಾಗ ಮನಸ್ಸು ಆರ್ದ್ರವಾಗುತ್ತದೆ.

ಇದರ ನಡುವೆ ಬೋಧನಕ್ರಮವು ಎತ್ತೆತ್ತಲೋ ತೂಗಾಡಿತು. ಬಹುಪಾಲು ವಿದ್ಯಾರ್ಥಿಗಳು ಎರಡೇ ವರ್ಷ ಭಾಷೆಯನ್ನು ಕಲಿಯುವುದರಿಂದ ಅವರಿಗೆ ಓದಲು ಬಂದರೆ ಸಾಕೆಂದು 1929ರ ಕೋಲ್‌ಮನ್ ವರದಿ ಸಾರಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಮಾತು ಬೇಕಾಯಿತು, ಆಗ ಬಾಯಿಪಾಠದ ವಿಧಾನ ಮೇಲೆದ್ದಿತು. 1957ರಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದ ಮರುವರ್ಷವೇ ಅಮೆರಿಕದ ಸಂಸತ್ತು ರಾಷ್ಟ್ರರಕ್ಷಣಾ ಶಿಕ್ಷಣ ಶಾಸನವನ್ನು ಅಂಗೀಕರಿಸಿತು. ಅದರ ಧನಸಹಾಯದಿಂದ ಭಾಷಾ ಪ್ರಯೋಗಶಾಲೆಗಳೂ ಉಪಾಧ್ಯಾಯರಿಗೆ ಬೇಸಗೆಯ ತರಬೇತಿ ಶಿಬಿರಗಳೂ ನಾಡಿನಾದ್ಯಂತ ತೆರೆದವು. ಇಷ್ಟೆಲ್ಲ ಆದ ಮೇಲೆ, 1967ರಲ್ಲಿ, ಮನಶ್ಶಾಸ್ತ್ರಜ್ಞ ಜಾನ್ ಕ್ಯಾರೊಲ್ ಪದವಿಯ ಕೊನೆಯ ವರ್ಷದ ಭಾಷಾವಿದ್ಯಾರ್ಥಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶವು ವಿಭಾಗಗಳ ಆತ್ಮತೃಪ್ತಿಯನ್ನು ಕದಡಿತು. ವಿದೇಶಾಂಗ ಇಲಾಖೆಯ ಐದು ಮೆಟ್ಟಿಲುಗಳ ಮಾನದಂಡದಲ್ಲಿ, ವೃತ್ತಿಗೆ ಸಾಲುವಷ್ಟು ಮಾತು ಎನ್ನಿಸುವುದು ಮೂರನೆಯ ಮೆಟ್ಟಿಲು. ಮಧ್ಯಮ ವಿದ್ಯಾರ್ಥಿಯು ಎರಡನ್ನು ದಾಟಿ ಮೂರನ್ನು ಮುಟ್ಟದೆ ನಿಂತಿದ್ದನು. ಆ ಭಾಷೆಯ ನಾಡಿನಲ್ಲಿ ಕೆಲಕಾಲವಾದರೂ ವಾಸಿಸಿದ್ದವರು ಮಾತ್ರ ಸ್ಪಷ್ಟವಾಗಿ ಮುಂದಿದ್ದರು.

ಕಾರಣವು ಗಣಿತದಲ್ಲಿಯೇ ಇದೆ. ಇಂಗ್ಲಿಷ್ ಬಲ್ಲವನಿಗೆ ಸ್ಪ್ಯಾನಿಷಿನಲ್ಲಿ ಆ ಮೂರನೆಯ ಮೆಟ್ಟಿಲನ್ನೇರಲು 600ರಿಂದ 750 ಗಂಟೆಗಳ ತರಗತಿಯ ಪಾಠ ಬೇಕೆಂದು ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಲೆಕ್ಕ ಹಾಕುತ್ತದೆ. ವಾರಕ್ಕೆ ಮೂರು ಗಂಟೆಯಂತೆ ಹದಿನೈದು ವಾರ ನಡೆಯುವ ಒಂದು ವಿಷಯಕ್ಕೆ 45 ಗಂಟೆ. ಅಂತಹ ಹತ್ತು ವಿಷಯಗಳನ್ನೊಳಗೊಂಡ ಪದವಿಗೆ 450. ಅದರಲ್ಲಿಯೂ ಸಾಹಿತ್ಯದ ತರಗತಿಯಲ್ಲಿ ಹೆಚ್ಚು ಹೊತ್ತು ಮಾತನಾಡುವವರು ಅಧ್ಯಾಪಕರು. ಉಳಿದ ಕೊರತೆಯನ್ನು ವಿದ್ಯಾರ್ಥಿಯು ತರಗತಿಯ ಹೊರಗೆ ತುಂಬಿಕೊಳ್ಳಬೇಕು. ಪದವಿಯ ಯೋಜನೆಯೆಂದರೆ ಮುಖ್ಯವಾಗಿ ಇದನ್ನು ತುಂಬಿಕೊಳ್ಳುವ ಯೋಜನೆ.

ಭಾವೀ ಉಪಾಧ್ಯಾಯನಿಗೆ ಈ ಕೊರತೆಯು ಬಹುಕಾಲ ಮರೆಯಲ್ಲಿಯೇ ಉಳಿದಿತ್ತು. ಪರಭಾಷಾ ಬೋಧನೆಯ ಅಮೆರಿಕನ್ ಪರಿಷತ್ತು 1986ರಲ್ಲಿ ಸಾಮರ್ಥ್ಯದ ಮಾನದಂಡಗಳನ್ನು ಪ್ರಕಟಿಸಿತು; 2002ರಲ್ಲಿ ಉಪಾಧ್ಯಾಯ ಶಿಕ್ಷಣದ ಮಾನ್ಯತಾ ಮಂಡಲಿಯೊಡಗೂಡಿ, ಸ್ಪ್ಯಾನಿಷ್ ಕಲಿಸಹೊರಟವರು ‘ಅಡ್ವಾನ್ಸ್ಡ್ ಲೋ’ ಎಂಬ ಮಟ್ಟವನ್ನಾದರೂ ಮುಟ್ಟಿರಬೇಕೆಂದು ವಿಧಿಸಿತು. ಹಿಂದೆ ನಡೆದದ್ದನ್ನೂ ಈಗ ನಡೆಯುತ್ತಿರುವುದನ್ನೂ ಮುಂದೆ ಆಗಲಿರುವುದನ್ನೂ ಬಿಡಿ ವಾಕ್ಯಗಳಲ್ಲಿ ತಡವರಿಸದೆ ಸುಸಂಬದ್ಧವಾಗಿ ನಿರೂಪಿಸಿ, ನಡುವೆ ಎದುರಾಗುವ ಅನಿರೀಕ್ಷಿತ ತೊಡಕನ್ನು ಮಾತಿನಿಂದಲೇ ಬಗೆಹರಿಸಬಲ್ಲವನು ಆ ಮಟ್ಟದವನು. ಮೌಖಿಕ ಸಂದರ್ಶನದಲ್ಲಿ ಇದನ್ನು ಅಳೆಯುತ್ತಾರೆ. ಕವಿತೆಯ ವಿಮರ್ಶೆಯನ್ನು ಸೊಗಸಾಗಿ ಬರೆದು ಅತ್ಯುಚ್ಚ ಅಂಕಗಳನ್ನು ಪಡೆದ ವಿದ್ಯಾರ್ಥಿಯೂ ಈ ಸಂದರ್ಶನದಲ್ಲಿ ಎಡವುವುದುಂಟು. ಭಾಷಾಪಾಠ ಮತ್ತು ಸಾಹಿತ್ಯವೆಂಬ, ಟಿಕ್ನರನ ಕಾಲದ ಎರಡು ಅಂಕಣಗಳ ನಡುವಣ ಗೋಡೆಯು ಆಗ ಅವನಿಗೆ ತಾಗುತ್ತದೆ. ಆಧುನಿಕ ಭಾಷಾ ಸಂಘವು 2007ರ ತನ್ನ ವರದಿಯಲ್ಲಿ ಈ ಗೋಡೆಯನ್ನು ಕೆಡವಬೇಕೆಂದೇ ಕರೆಕೊಟ್ಟಿತು.

ನಮ್ಮಲ್ಲಿ ಪದವಿಯನ್ನು ಮುಗಿಸಿದ ಬಳಿಕ ಬಿ.ಎಡ್. ಮಾಡಿಕೊಂಡು ಉಪಾಧ್ಯಾಯರಾಗುವ ಪದ್ಧತಿ ರೂಢಿಯಲ್ಲಿದೆ. ಅಲ್ಲಿ ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪನದ ಸಿದ್ಧತೆಯನ್ನು ಪದವಿಯ ನಾಲ್ಕು ವರ್ಷಗಳೊಳಗೇ ಹೆಣೆದಿರುತ್ತಾರೆ. ಬೋಧನಾ ಪರವಾನಗಿಯನ್ನು ಕೊಡುವುದು ಆಯಾ ರಾಜ್ಯ ಸರ್ಕಾರವಾದ್ದರಿಂದ, ಒಂದು ರಾಜ್ಯದ ಷರತ್ತು ಇನ್ನೊಂದರದಲ್ಲ. ಕೊನೆಯ ಅರ್ಧವರ್ಷವು ಶಾಲೆಯೊಂದರಲ್ಲಿ ಅನುಭವಿ ಉಪಾಧ್ಯಾಯರ ಕಣ್ಣೆದುರಿನಲ್ಲಿ ದಿನವಿಡೀ ಪಾಠ ಹೇಳುವುದಕ್ಕೆ ಮೀಸಲು. ಆ ಅವಧಿಯಲ್ಲಿ ಬೇರೆ ವಿಷಯಗಳನ್ನು ಓದಲು ಬಿಡುವಿರುವುದಿಲ್ಲ. ಇನ್ನೊಂದು ಅರ್ಧವರ್ಷವು ಸ್ಪೇನಿಗೋ ಮೆಕ್ಸಿಕೋಗೋ ಚಿಲಿಗೋ ಹೋಗಿ ಕಲಿಯುವುದಕ್ಕೆ ಬೇಕು. ಮೂರನೆಯ ವರ್ಷವನ್ನು ಪರದೇಶದಲ್ಲಿ ಕಳೆಯುವ ಈ ಕ್ರಮವನ್ನು 1923ರಲ್ಲಿ ಡೆಲವೇರ್ ವಿಶ್ವವಿದ್ಯಾನಿಲಯವು ಫ್ರಾನ್ಸಿಗೆ ವಿದ್ಯಾರ್ಥಿಗಳನ್ನು ಕಳಿಸುವುದರ ಮೂಲಕ ಆರಂಭಿಸಿತು. ಹೀಗೆ ಎರಡು ಅರ್ಧವರ್ಷಗಳು ಕಳೆದ ಮೇಲೆ ಉಳಿಯುವ ಆರರಲ್ಲಿ ಧ್ವನಿಶಾಸ್ತ್ರ, ಭಾಷಾಶಾಸ್ತ್ರ, ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ಸಾಹಿತ್ಯ, ಮನಶ್ಶಾಸ್ತ್ರ, ಬೋಧನಶಾಸ್ತ್ರಗಳೆಲ್ಲ ಅಡಗಬೇಕು. ಒಂದನ್ನು ಮುಗಿಸದೆ ಮತ್ತೊಂದಕ್ಕೆ ಸೇರುವಂತಿಲ್ಲ. ಬೋಧನಶಾಸ್ತ್ರದ ತರಗತಿಯಂತೂ ಹಲವೆಡೆ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಆದುದರಿಂದ ಕೊನೆಯಿಂದ ಮೊದಲಿಗೆ ಎಣಿಸುತ್ತ ಬರುವುದೇ ವಿವೇಕ. ಮೌಖಿಕ ಸಂದರ್ಶನವನ್ನು ಅಂತಿಮ ಅವಧಿಗೆ ಮುಂದೂಡದೆ ಪರದೇಶದಿಂದ ಮರಳಿದ ಕೂಡಲೇ ಕೊಟ್ಟರೆ, ಮಟ್ಟ ಸಾಲದಾದಲ್ಲಿ ತಿದ್ದಿಕೊಳ್ಳಲು ಒಂದು ಬೇಸಗೆಯಾದರೂ ಕೈಯಲ್ಲಿರುತ್ತದೆ.

ಮನೆಯಲ್ಲಿ ಸ್ಪ್ಯಾನಿಷನ್ನೇ ಆಡುತ್ತ ಬೆಳೆದ ಮಕ್ಕಳಿಗೆ ಈ ಲೆಕ್ಕವೇ ಬೇರೆ. ಪರಭಾಷೆಯೆಂದು ರಚಿಸಿದ ಪಠ್ಯಕ್ರಮದಲ್ಲಿ ಅವರಿಗೆ ಸ್ಥಳವಿರಲಿಲ್ಲ. ಅವರಾಡುವ ಮಾತು ಅಶುದ್ಧವೆಂದು ತಿದ್ದಿಸಿಕೊಳ್ಳುವುದೇ ಅವರ ಪಾಲಿಗೆ ಬಂದ ಪಾಠವಾಗಿತ್ತು. ಗ್ವಾಡಲೂಪೆ ವಾಲ್ದೆಸ್ ಅವರಂತಹ ವಿದ್ವಾಂಸರು ದಶಕಗಳ ಕಾಲ ವಾದಿಸಿದ್ದರ ಫಲವಾಗಿ ಹಲವು ವಿಶ್ವವಿದ್ಯಾನಿಲಯಗಳು ಇವರಿಗೆಂದೇ ಪ್ರತ್ಯೇಕ ತರಗತಿಗಳನ್ನು ತೆರೆದಿವೆ. ಕಿವಿ ಮತ್ತು ನಾಲಗೆಗಳಲ್ಲಿ ಆಗಲೇ ಇರುವ ಭಾಷೆಗೆ ಇಂತಹ ವಿದ್ಯಾರ್ಥಿನಿಯು ಬರವಣಿಗೆಯನ್ನೂ ಶಾಸ್ತ್ರೀಯ ಓದನ್ನೂ ಕೂಡಿಸಿಕೊಂಡಳೆಂದರೆ ಅವಳಿಗಿಂತ ಯೋಗ್ಯಳಾದ ಉಪಾಧ್ಯಾಯಿನಿ ದೊರೆಯುವುದು ದುರ್ಲಭ. ಮೊದಲ ವರ್ಷದಲ್ಲಿ ಅವಳನ್ನು ಕ್ರಿಯಾಪದಗಳ ರೂಪಾವಳಿಯನ್ನು ಒಪ್ಪಿಸುವ ತರಗತಿಯಲ್ಲಿ ಕೂರಿಸದೆ ಪ್ರಬಂಧರಚನೆಯ ತರಗತಿಗೆ ಕಳುಹಿಸಬೇಕು, ಮತ್ತು ಸಾಮರ್ಥ್ಯ ಪರೀಕ್ಷೆಯನ್ನು ನಡೆಸುವವರು ಅವಳ ಬರಹದ ತಪ್ಪುಗಳನ್ನು ಎಣಿಸುವ ಮುನ್ನ ಅವಳೊಡನೆ ಸ್ವಲ್ಪ ಹೊತ್ತು ಮಾತನಾಡಬೇಕು.