ಪರದೇಶದ ನೀರಿನಲ್ಲಿ ನಮ್ಮ ದೋಣಿ

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡವರು. ಬಹುಪಾಲು ಶರಣರು ಇಷ್ಟದೈವದ ಹೆಸರನ್ನು ವಚನಾಂಕಿತವಾಗಿ ಇರಿಸಿಕೊಂಡರೆ, ಇವರು ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ಆಡಿದ ಮಾತಿಗೆ ತಾನೇ ಹೊಣೆಯೆಂಬ ಭಾವವನ್ನು ನಾವು ಅದರಲ್ಲಿ ಕಾಣುತ್ತೇವೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಸದ್ಭಕ್ತರೊಬ್ಬರು ಈಚೆಗೆ ಕೇಳಿದ ಪ್ರಶ್ನೆಯಿಂದ ಚೌಡಯ್ಯನವರು ಮತ್ತೆ ನೆನಪಾದರು.

ಅವರು ಧಾರವಾಡದ ಕಡೆಯವರು. ಭಾರತದ ಪೌರತ್ವವನ್ನು ಬಿಡದೆ ಅಲ್ಲಿ ಬಹುಕಾಲ ದುಡಿದು, ಮಗನ ಆಸೆಗಾಗಿ ಒಂದು ಚಿಕ್ಕ ಹಾಯಿದೋಣಿಯನ್ನು ಕೊಂಡು ತಮ್ಮ ಹೆಸರಿನಲ್ಲಿ ನೋಂದಾಯಿಸಿದ್ದರು. ಈಗ ಊರಿಗೆ ಮರಳುವ ಸಿದ್ಧತೆಯಲ್ಲಿದ್ದಾರೆ. “ಸ್ವಾಮಿ, ನೋಂದಣಿಗೆ ಇನ್ನೂ ಮೂರು ವರ್ಷ ಅವಧಿ ಇದೆ. ನಾನು ಬಂದ ಮೇಲೂ ಅದು ಹಾಗೆಯೇ ಇದ್ದರೆ ತಪ್ಪೇನು?” ಎಂದು ಕೇಳಿದರು.

ಉತ್ತರ ಹೇಳುವ ಮುನ್ನ ಕಟ್ಟಳೆಯನ್ನು ತಿಳಿಯಬೇಕು. ದಡ ಬಿಟ್ಟು ಕಡಲಿಗಿಳಿದ ದೋಣಿಗೆ ಯಾವುದಾದರೂ ಒಂದು ದೇಶದ ಆಶ್ರಯ ಬೇಕು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯಂತೆ, ಯಾವ ಹಡಗಿಗೆ ತನ್ನ ಧ್ವಜ ನೀಡಬೇಕೆಂಬುದನ್ನು ಆಯಾ ದೇಶವೇ ನಿರ್ಧರಿಸುತ್ತದೆ. ಆದರೆ ದೇಶಕ್ಕೂ ಹಡಗಿಗೂ ನಿಜವಾದ ಸಂಬಂಧವಿರಬೇಕು.

ಬ್ರಿಟನ್ನಿನ ಹಡಗು ನೋಂದಣಿ ಕಚೇರಿ ಕಾರ್ಡಿಫ್ ನಗರದಲ್ಲಿದೆ. ಅಲ್ಲಿಯ ದಾಖಲೆಯ ಮೂರನೆಯ ಭಾಗವು 24 ಮೀಟರಿಗಿಂತ ಕಡಿಮೆ ಉದ್ದದ ಖಾಸಗಿ ದೋಣಿಗಳಿಗೆ ಮೀಸಲು. ಬ್ರಿಟಿಷ್ ಪ್ರಜೆಗಳಿಗಷ್ಟೇ ಅಲ್ಲದೆ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ, ಎಂದರೆ ಭಾರತೀಯರಿಗೂ, ಇಲ್ಲಿ ಅವಕಾಶವುಂಟು. ಆದರೆ ಮಾಲೀಕನು ಆ ದೇಶದಲ್ಲಿಯೇ ವಾಸವಾಗಿರಬೇಕು. ವರ್ಷದಲ್ಲಿ 185 ದಿನಗಳ ವಾಸವೇ ಅದರ ಅಳತೆ. ನೋಂದಣಿಯ ಅವಧಿ ಐದು ವರ್ಷ. ಕೊಟ್ಟ ಸಂಖ್ಯೆಯನ್ನು ದೋಣಿಯ ಮೇಲೆ ಕಾಣುವಂತೆ ಬರೆಯಿಸಬೇಕು.

ಇನ್ನೊಂದು ಮಾತನ್ನು ಅನೇಕರು ಅರಿಯರು. ಈ ಮೂರನೆಯ ಭಾಗದ ಪತ್ರವು ದೋಣಿ ಯಾರ ಸ್ವತ್ತು ಎಂಬುದಕ್ಕೆ ಪುರಾವೆಯಲ್ಲ. ಸ್ವಾಮ್ಯವನ್ನು ಸ್ಥಾಪಿಸಬೇಕಾದರೆ ಒಂದನೆಯ ಭಾಗಕ್ಕೆ ಹೋಗಬೇಕು. ಅಲ್ಲಿ ಅಳತೆಗಾರರ ಪ್ರಮಾಣಪತ್ರವೂ ಕ್ರಯದ ಕಾಗದಗಳೂ ಬೇಕು. ಆದುದರಿಂದ ಕೊಂಡಾಗಿನ ರಸೀತಿಗಳನ್ನು ಜೋಪಾನವಾಗಿಡಬೇಕು.

ಒಳನಾಡಿನ ನೀರಿಗೆ ನಿಯಮ ಬೇರೆ. ಲಂಡನ್ನಿನ ಲ್ಯಾಂಬೆತ್ ಬಳಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ಹರಿಯುವ ಥೇಮ್ಸ್ ನದಿಗೆ ಕಡಲಿನ ಉಬ್ಬರವಿಳಿತವುಂಟು. ಮೇಲ್ದಿಕ್ಕಿನಲ್ಲಿ ಟೆಡಿಂಗ್ಟನ್ ದಾಟಿದ ಬಳಿಕ ಉಬ್ಬರವಿಲ್ಲ. ಅಲ್ಲಿ ದೋಣಿಯನ್ನಿಡಲು ಎನ್ವಿರಾನ್‌ಮೆಂಟ್ ಏಜೆನ್ಸಿಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಅಮೆರಿಕೆಯಲ್ಲಿರುವ ನಮ್ಮವರಿಗೆ ಮತ್ತೊಂದು ರೀತಿ. ಅಲ್ಲಿ ಯಂತ್ರದ ದೋಣಿಗೆ ಅದು ಹೆಚ್ಚಾಗಿ ಓಡಾಡುವ ರಾಜ್ಯವೇ ಸಂಖ್ಯೆ ಕೊಡುತ್ತದೆ. ಕೇಂದ್ರ ಸರಕಾರದ ದಾಖಲೆಯಾದರೋ ಪ್ರಜೆಗಳಿಗೆ ಮಾತ್ರ, ಗ್ರೀನ್ ಕಾರ್ಡ್ ಇದ್ದರೆ ಸಾಲದು.

ಇನ್ನು ಆ ಸದ್ಭಕ್ತರ ಪ್ರಶ್ನೆ. ಐದು ವರ್ಷವೆಂಬುದು ಪತ್ರದ ಅವಧಿ. ವಾಸವೆಂಬುದು ಹಕ್ಕಿನ ಬುಡ. ಬುಡವೇ ಹೋದ ಮೇಲೆ ಕೊಂಬೆಯನ್ನು ಹಿಡಿದು ಫಲವೇನು? ವಾಸ ಮುಗಿದುದನ್ನು ಕಚೇರಿಗೆ ತಿಳಿಸುವುದೇ ಸರಿ. ಮಗನು ಅಲ್ಲಿಯೇ ಇರುವುದರಿಂದ ದೋಣಿಯನ್ನು ಅವನಿಗೆ ವಹಿಸಿಕೊಡಬಹುದು. ಒಡೆತನ ಬದಲಾದರೆ ಹಳೆಯ ನೋಂದಣಿ ನಿಲ್ಲುವುದಾದ್ದರಿಂದ, ಅವನು ತನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬೇಕು. ಹೀಗೆಂದು ನಾವು ತಿಳಿಸಿದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರೂ ಕೇಳುವವರಿಲ್ಲ ಎಂದುಕೊಂಡಿದ್ದೆ, ಸ್ವಾಮಿ” ಎಂದರು. ಕೇಳುವವರಿಲ್ಲದ ಕಡೆಯಲ್ಲಿಯೇ ನಮ್ಮ ನಡೆನುಡಿಯ ಪರೀಕ್ಷೆ. ಪರದೇಶದಲ್ಲಿ ನಮ್ಮವನೊಬ್ಬನು ಸುಳ್ಳು ಬರೆದರೆ ಅದರ ಕಳಂಕ ಅವನಿಗಷ್ಟೇ ಅಂಟುವುದಿಲ್ಲ, ಮುಂದೆ ಬರುವ ನಮ್ಮ ಮಕ್ಕಳಿಗೂ ಅಂಟುತ್ತದೆ. ದೋಣಿಯ ಮೇಲಿನ ಸಂಖ್ಯೆಯೂ ಒಂದು ಅಂಕಿತವೇ. ಅದಕ್ಕೆ ತಕ್ಕಂತೆ ನಮ್ಮ ಬಾಳುವೆಯಿರಲಿ.

ಶರಣು ಶರಣಾರ್ಥಿ.