ಡಾಲ್ಫಿನ್ ತೋರಿಸುವ ದೋಣಿ: ನಂಬಿದ್ದೇನು, ನಿಜವೇನು

ಡಿಸೆಂಬರ್ ರಜೆಗೆ ಹುಬ್ಬಳ್ಳಿಯ ಅಕ್ಕನ ಮನೆಯವರನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗಿದ್ದೆ. ಓಂ ಬೀಚಿನಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ದೋಣಿ ಹತ್ತಿದೆವು. ಅಕ್ಕ, ಭಾವ, ಅಕ್ಕನ ಅತ್ತೆ, ಅಕ್ಕನ ಒಂಬತ್ತು ವರ್ಷದ ಮಗಳು, ಜೊತೆಗೆ ದಾವಣಗೆರೆ ಕಡೆಯ ಇನ್ನೊಂದು ಕುಟುಂಬ. ದಡ ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಡಾಲ್ಫಿನ್ ಬಗ್ಗೆ ಪ್ರತಿಯೊಬ್ಬರೂ ತಮಗೆ ಗೊತ್ತಿದ್ದದ್ದನ್ನು ಹೇಳತೊಡಗಿದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು. ಈ ತಪ್ಪುಗಳು ಹರಟೆಯಲ್ಲಿ ಮುಗಿದುಹೋದರೆ ನಾನು ಬರೆಯಲು ಕೂರುತ್ತಿರಲಿಲ್ಲ. ದೋಣಿ ಎತ್ತ ತಿರುಗಬೇಕು, ಎಷ್ಟು ಜೋರಾಗಿ ಓಡಬೇಕು ಎಂದು ಅಲ್ಲಿ ತೀರ್ಮಾನಿಸುವುದು ಈ ನಂಬಿಕೆಗಳೇ.

"ಡಾಲ್ಫಿನ್ ಅಂದ್ರ ದೊಡ್ಡ ಮೀನು"

ಅಕ್ಕನ ಅತ್ತೆ ಹೀಗಂದರು. ನಮ್ಮಲ್ಲಿ ಬಹಳ ಮಂದಿ "ಡಾಲ್ಫಿನ್ ಮೀನು" ಎಂದೇ ಹೇಳುತ್ತಾರೆ. ಆದರೆ ಡಾಲ್ಫಿನ್ ನಮ್ಮ ಹಾಗೆ ಬಿಸಿ ರಕ್ತದ ಸಸ್ತನಿ. ಅದಕ್ಕೆ ಕಿವಿರು ಇಲ್ಲ, ಶ್ವಾಸಕೋಶ ಇದೆ. ಮರಿ ಹಾಕುತ್ತದೆ, ನೀರೊಳಗೇ ಹಾಲೂಡಿಸುತ್ತದೆ. ದೂರದಿಂದ ಗುರುತಿಸಲು ಒಂದು ಸುಲಭದ ದಾರಿಯಿದೆ: ಮೀನಿನ ಬಾಲ ನಿಂತ ಹಲಗೆಯಂತೆ ಎಡಬಲಕ್ಕೆ ಆಡುತ್ತದೆ, ಡಾಲ್ಫಿನ್ನಿನ ಬಾಲ ಮಲಗಿದ ಹಲಗೆಯಂತೆ ಮೇಲೆ ಕೆಳಗೆ ಆಡುತ್ತದೆ. ಹಾಗಾಗಿಯೇ ಅದರ ಬೆನ್ನಿನ ಈಜುರೆಕ್ಕೆ ನೀರಿನಿಂದ ಬಂಡಿಯ ಗಾಲಿ ಉರುಳಿದಂತೆ ಎದ್ದು, ಬಾಗಿ, ಮುಳುಗುತ್ತದೆ. ಶಾರ್ಕಿನ ರೆಕ್ಕೆ ಹೀಗೆ ಏಳುವುದಿಲ್ಲ. ಅದು ನೀರನ್ನು ನೇರವಾಗಿ ಸೀಳಿಕೊಂಡು ಹೋಗುತ್ತದೆ, ಹಿಂದೆ ಬಾಲದ ತುದಿಯೂ ಕಾಣಬಹುದು.

"ಮಾಮಾ, ಅದು ನೀರು ಉಗುಳಾಕತ್ತೈತಿ ನೋಡು" ಎಂದಳು ಹುಡುಗಿ. ಅದು ನೀರಲ್ಲ, ಉಸಿರು. ಡಾಲ್ಫಿನ್ನಿನ ಮೂಗಿನ ಹೊಳ್ಳೆ ನೆತ್ತಿಯ ಮೇಲಿದೆ. ಮೇಲೆ ಬಂದ ಕ್ಷಣದಲ್ಲಿ ಅದು ಒಳಗಿನ ಗಾಳಿಯನ್ನು ರಭಸದಿಂದ ಹೊರಗೆ ಬಿಡುತ್ತದೆ. ಆ ತೇವದ ಉಸಿರು, ಹೊಳ್ಳೆಯ ಸುತ್ತ ನಿಂತ ನಾಲ್ಕು ಹನಿಗಳ ಜೊತೆ ಸೇರಿ ಕಾರಂಜಿಯಂತೆ ಕಾಣುತ್ತದೆ. ನಮಗೆ ನಿದ್ದೆಯಲ್ಲೂ ಉಸಿರು ತಾನಾಗಿ ಆಡುತ್ತದೆ. ಡಾಲ್ಫಿನ್ ಹಾಗಲ್ಲ, ಪ್ರತಿ ಉಸಿರನ್ನೂ ಅದು ಎಚ್ಚರದಿಂದ ಎಳೆದುಕೊಳ್ಳಬೇಕು. ಅದಕ್ಕೇ ಮಿದುಳಿನ ಅರ್ಧ ಭಾಗ ಮಲಗಿದರೆ ಇನ್ನರ್ಧ ಎಚ್ಚರವಾಗಿರುತ್ತದೆ. ಬಲೆಗೆ ಸಿಕ್ಕಿದ ಡಾಲ್ಫಿನ್ ಸಾಯುವುದು ಉಸಿರುಕಟ್ಟಿ. ಅಂದರೆ ಹುಟ್ಟಿದ ನೀರಿನಲ್ಲೇ ಅದು ಮುಳುಗಿ ಸಾಯುತ್ತದೆ.

"ಟಿವಿಯಾಗ ಜಿಗೀತಾವಲ್ಲ, ಇವ್ಯಾಕ ಜಿಗಿಯೂದಿಲ್ಲ?"

ಎಲ್ಲ ಡಾಲ್ಫಿನ್‌ಗಳೂ ಒಂದೇ ಎಂದು ತಿಳಿದದ್ದರಿಂದ ಬಂದ ಪ್ರಶ್ನೆ ಇದು. ಕಾರವಾರ, ಗೋಕರ್ಣ, ಗೋವೆಯ ದಡದ ಹತ್ತಿರ ದೋಣಿಯವರು ಸಾಮಾನ್ಯವಾಗಿ ತೋರಿಸುವುದು ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ಬೆನ್ನ ಮೇಲೆ ಉದ್ದನೆಯ ಗೂನು, ಆ ಗೂನಿನ ಮೇಲೆ ಚಿಕ್ಕ ರೆಕ್ಕೆ, ಮೈ ಬೂದು ಬಣ್ಣ. ಆಗ್ನೇಯ ಏಷ್ಯಾ ಮತ್ತು ಚೀನಾ ಕಡೆ ಇದರ ಹತ್ತಿರದ ಸಂಬಂಧಿ ಇದೆ. ದೊಡ್ಡದಾದ ಮೇಲೆ ಅದರ ಮೈ ಗುಲಾಬಿಯಾಗುತ್ತದೆ. ಮೊದಲು ಎರಡನ್ನೂ ಒಂದೇ ಜಾತಿ ಎಂದು ಎಣಿಸುವವರು ಬಹಳ ಮಂದಿ ಇದ್ದರು. 2014ರಲ್ಲಿ ಇವು ಬೇರೆ ಬೇರೆ ಜಾತಿ ಎಂದು ವಿಜ್ಞಾನಿಗಳು ವಿಂಗಡಿಸಿದರು. ಗುಲಾಬಿ ಡಾಲ್ಫಿನ್ ನೋಡಬೇಕೆಂದು ಗೋಕರ್ಣಕ್ಕೆ ಬಂದವರು ನಿರಾಶರಾಗುತ್ತಾರೆ.

ಗೂನುಬೆನ್ನಿನದು ಸಂಕೋಚದ ಸ್ವಭಾವ. ವಿಡಿಯೊಗಳಲ್ಲಿ ಹಡಗಿನ ಮೂತಿಯ ಮುಂದಿನ ಅಲೆಯ ಮೇಲೆ ಸವಾರಿ ಮಾಡುವುದು, ಗಾಳಿಯಲ್ಲಿ ಬುಗುರಿಯಂತೆ ತಿರುಗುವುದು ಬೇರೆ ಜಾತಿಗಳು. ತಿರುಗುವ ಸ್ಪಿನ್ನರ್ ಡಾಲ್ಫಿನ್ ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ, ಆದರೆ ನಮ್ಮ ಕಡೆ ಅದು ದೂರದ ಆಳ ನೀರಿನದು. ನಮ್ಮ ಗೂನುಬೆನ್ನಿನದು ದಡಕ್ಕೆ ಅಂಟಿಕೊಂಡ ಜೀವ. ಆಳ ಕಡಿಮೆಯಿರುವ ನೀರು, ಕಾಳಿ, ಅಘನಾಶಿನಿಯಂಥ ಹೊಳೆಗಳು ಸಮುದ್ರ ಸೇರುವ ಅಳಿವೆ, ಇವೇ ಅದರ ಹೊಟ್ಟೆಪಾಡಿನ ಜಾಗ. ಮೀನುಗಾರರ ಬಲೆ, ಬಂದರು, ಕೊಳಕು ನೀರು, ಪ್ರವಾಸಿಗರ ದೋಣಿ ಎಲ್ಲವೂ ಇರುವುದು ಅದೇ ದಡದ ನೀರಿನಲ್ಲಿ. ದೂರ ಹೋಗಿ ಬದುಕುತ್ತೇನೆ ಎನ್ನಲು ಅದಕ್ಕೆ ಬೇರೆ ಜಾಗವಿಲ್ಲ. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿ ಈ ಜಾತಿಯನ್ನು 2017ರಿಂದ ಅಳಿವಿನಂಚಿನದೆಂದು ಗುರುತಿಸಿದೆ. ಒಂದು ಸಲಕ್ಕೆ ಒಂದೇ ಮರಿ, ಅದೂ ಕೆಲವು ವರ್ಷಗಳಿಗೊಮ್ಮೆ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ.

"ಹತ್ತಿರ ಹೋದಷ್ಟೂ ಚೆಂದ ಕಾಣುತ್ತದೆ"

ಇದು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಆ ದಿನ ಮೊದಲ ರೆಕ್ಕೆ ಕಂಡದ್ದು ನಮ್ಮ ದೋಣಿಯವರಿಗೆ. ಅವರು ಬೆರಳು ತೋರಿಸಿದ್ದೇ ತಡ, ಆಚೀಚೆಯಿದ್ದ ನಾಲ್ಕು ದೋಣಿಗಳು ಅತ್ತ ನುಗ್ಗಿದವು. ಭಾವ ಎದ್ದು ನಿಂತು, "ಇಷ್ಟು ರೊಕ್ಕ ಕೊಟ್ಟೀವಿ, ಇನ್ನಷ್ಟು ಹತ್ರ ಒಯ್ಯಿರಿ" ಎಂದರು. ದೋಣಿಯವರು ಇಂಜಿನ್ ಜೋರು ಮಾಡಿದರು. ರೆಕ್ಕೆ ಮುಳುಗಿತು. ಮತ್ತೆ ಕಂಡದ್ದು ಎಷ್ಟೋ ಹೊತ್ತಿನ ಮೇಲೆ, ನಮ್ಮ ಬೆನ್ನ ಹಿಂದೆ, ದೂರದಲ್ಲಿ. ದೋಣಿಗಳೆಲ್ಲ ತಿರುಗಿ ಅತ್ತ ನುಗ್ಗಿದವು. ಮೂರು ಸಲ ಹೀಗಾಯಿತು. "ಕಣ್ಣಾಮುಚ್ಚಾಲೆ ಆಡ್ತಾವ" ಎಂದು ಎಲ್ಲರೂ ನಕ್ಕರು. ಅದು ಆಟವಲ್ಲ, ತಪ್ಪಿಸಿಕೊಳ್ಳುವ ಓಟ. ದೋಣಿಗಳು ಬೆನ್ನಟ್ಟಿದಾಗ ಡಾಲ್ಫಿನ್‌ಗಳು ಹೆಚ್ಚು ಹೊತ್ತು ನೀರೊಳಗೆ ಉಳಿಯುವುದು, ದಿಕ್ಕು ಬದಲಿಸುವುದು, ಗುಂಪು ಬಿಗಿ ಮಾಡಿಕೊಳ್ಳುವುದು ಲೋಕದ ಹಲವು ಕಡೆ ದಾಖಲಾಗಿದೆ. ಆ ಹೊತ್ತಿನಲ್ಲಿ ಅವು ಮೀನು ಹಿಡಿಯುವುದಿಲ್ಲ, ವಿಶ್ರಾಂತಿ ಪಡೆಯುವುದಿಲ್ಲ, ಮರಿಗೆ ಹಾಲು ಕೊಡುವುದಿಲ್ಲ.

ಇಂಜಿನ್ ಸದ್ದಿನ ಮಾತು ಬೇರೆಯೇ ಇದೆ. ಕದಡಿದ ಕರಾವಳಿ ನೀರಿನಲ್ಲಿ ಕಣ್ಣು ಹೆಚ್ಚು ದೂರ ಹೋಗುವುದಿಲ್ಲ. ಡಾಲ್ಫಿನ್ ಹಣೆಯಿಂದ ಟಿಕ್ ಟಿಕ್ ಸದ್ದು ಕಳಿಸಿ, ಅದರ ಮಾರ್ದನಿಯನ್ನು ಕೆಳದವಡೆಯ ಮೂಲಕ ಕೇಳಿಸಿಕೊಂಡು ಮೀನನ್ನೂ ಬಂಡೆಯನ್ನೂ ಬಲೆಯನ್ನೂ ಗುರುತಿಸುತ್ತದೆ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚು. ಐದು ಇಂಜಿನ್‌ಗಳು ಸುತ್ತುವರಿದು ಗುಡುಗಿದರೆ ನಮ್ಮ ಕಣ್ಣಿಗೆ ಯಾರೋ ಬಿಳಿ ಬಟ್ಟೆ ಕಟ್ಟಿದಂತೆ.

ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯ ಉದಾಹರಣೆ ಕೇಳಿ. ಅಲ್ಲಿ ಡಾಲ್ಫಿನ್ ತೋರಿಸುವ ಸಂಸ್ಥೆ ಒಂದಿದ್ದದ್ದು ಎರಡಾದ ಮೇಲೆ, ದೋಣಿಗಳು ಓಡಾಡುವ ಜಾಗದಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಸುಮಾರು ಶೇ. 15ರಷ್ಟು ಇಳಿಯಿತೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಕ್ಕದಲ್ಲೇ ದೋಣಿಗಳಿಲ್ಲದ ಜಾಗದಲ್ಲಿ ಆ ಇಳಿಕೆ ಇರಲಿಲ್ಲ. ಅಲ್ಲಿನ ಸರ್ಕಾರ ಪರವಾನಗಿಯನ್ನು ಎರಡರಿಂದ ಒಂದಕ್ಕೆ ಇಳಿಸಿತು. ಇದು ಎರಡು ಸಂಸ್ಥೆಗಳ ಕಥೆ. ನಮ್ಮಲ್ಲಿ ರಜೆಯ ಬೆಳಿಗ್ಗೆ ಒಂದೇ ಗುಂಪಿನ ಸುತ್ತ ಎಷ್ಟು ದೋಣಿಗಳು ಇರುತ್ತವೆಂದು ಹೋದವರಿಗೆ ಗೊತ್ತು.

ಆಸ್ಟ್ರೇಲಿಯದ ಮಾರ್ಗಸೂಚಿಯಲ್ಲಿ ದೋಣಿ ಡಾಲ್ಫಿನ್ನಿಗಿಂತ 50 ಮೀಟರ್ ದೂರ ಉಳಿಯಬೇಕು, 150 ಮೀಟರ್ ಒಳಗೆ ಬಂದರೆ ನಿಧಾನವಾಗಬೇಕು. ಎದುರಿನಿಂದಾಗಲಿ ಬೆನ್ನ ಹಿಂದಿನಿಂದಾಗಲಿ ಹೋಗಬಾರದು, ಬದಿಯಲ್ಲಿ ಸಮಾನವಾಗಿ ಸಾಗಬೇಕು. ನಮ್ಮ ಕಾನೂನೂ ಮೂಕವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿ, ಆನೆಗಳ ಸಾಲಿನಲ್ಲಿ, ಡಾಲ್ಫಿನ್ ಇದೆ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು, ಆಮಿಷ ಒಡ್ಡುವುದು ಕೂಡ ಆ ಪದದ ವ್ಯಾಖ್ಯೆಯೊಳಗೆ ಬರುತ್ತವೆ. ಬಂಡೀಪುರದಲ್ಲಿ ಐದು ಜೀಪುಗಳು ಹುಲಿಯನ್ನು ಅಟ್ಟಿಸಿಕೊಂಡು ಹೋದರೆ ಊರೆಲ್ಲ ಗದ್ದಲವಾಗುತ್ತದೆ. ಸಮುದ್ರದಲ್ಲಿ ಅದನ್ನೇ ನಾವು ರಜೆಯ ಮಜಾ ಎನ್ನುತ್ತೇವೆ.

"ನಗ್ತಾ ಇದೆ, ಅಂದ್ರೆ ಖುಷಿಯಾಗಿದೆ"

ಡಾಲ್ಫಿನ್ನಿನ ನಗು ಅದರ ದವಡೆಯ ಆಕಾರ. ಮುಖದ ಸ್ನಾಯುಗಳಿಂದ ಭಾವ ತೋರಿಸುವ ಅನುಕೂಲ ಅದಕ್ಕಿಲ್ಲ. ಸತ್ತು ದಡಕ್ಕೆ ಬಂದ ಡಾಲ್ಫಿನ್ನಿನ ಮುಖದಲ್ಲೂ ಅದೇ ನಗು ಇರುತ್ತದೆ. ಜಿಗಿತವೂ ಒಂದೇ ಅರ್ಥದ್ದಲ್ಲ. ಮೀನನ್ನು ಗುಂಪುಗೂಡಿಸಲು, ಮೈಗೆ ಅಂಟಿದ ಜೀವಿಯನ್ನು ಉದುರಿಸಲು, ದೂರದ ಜೊತೆಗಾರರಿಗೆ ಸದ್ದು ಮುಟ್ಟಿಸಲು ಜಿಗಿಯಬಹುದು. ಬಾಲದಿಂದ ನೀರಿಗೆ ಪಟಪಟ ಹೊಡೆಯುವುದು ಎಷ್ಟೋ ಸಲ ಕಿರಿಕಿರಿಯ ಗುರುತು. ನಾವು ಅದಕ್ಕೆ ಚಪ್ಪಾಳೆ ತಟ್ಟುತ್ತೇವೆ. ವಿದೇಶದ ಕೊಳಗಳಲ್ಲಿ ಚೆಂಡಾಡುವ ಡಾಲ್ಫಿನ್ ನೋಡಿ ಬಂದ ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗುವುದು ಒಳ್ಳೆಯದು. ಭಾರತದಲ್ಲಿ ಅಂಥ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ಕೇಂದ್ರ ಪರಿಸರ ಸಚಿವಾಲಯ 2013ರ ಮೇ ತಿಂಗಳಲ್ಲೇ ರಾಜ್ಯಗಳಿಗೆ ತಿಳಿಸಿದೆ. ಅದು ನಮ್ಮ ದೇಶ ಹೆಮ್ಮೆಪಡಬಹುದಾದ ನಿರ್ಧಾರ.

"ಕಾಣದಿದ್ದರೆ ದುಡ್ಡು ವಾಪಸ್"

ಇದನ್ನು ಪ್ರಾಮಾಣಿಕತೆಯ ಗುರುತೆಂದು ನಾವು ನಂಬುತ್ತೇವೆ. ನನ್ನ ಮಟ್ಟಿಗೆ ಎಲ್ಲ ಕೇಡಿನ ಬೇರು ಈ ಕರಾರಿನಲ್ಲೇ ಇದೆ. ಸಮುದ್ರದ ಕಾಡುಪ್ರಾಣಿಯನ್ನು ಇಂಥ ಹೊತ್ತಿಗೆ ತೋರಿಸುತ್ತೇನೆಂದು ಯಾರೂ ಮಾತು ಕೊಡಲಾರರು. ಮಾತು ಕೊಟ್ಟವನು ಬೆನ್ನಟ್ಟಲೇಬೇಕು, ಇಲ್ಲದಿದ್ದರೆ ಡೀಸೆಲ್ಲಿನ ಹಣವೂ ಅವನ ಕೈಯಿಂದ ಹೋಗುತ್ತದೆ. ತಪ್ಪನ್ನೆಲ್ಲ ದೋಣಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾಲ್ಕನೆಯ ಸಲ ರೆಕ್ಕೆ ಕಂಡಾಗ ನಾನು ದೋಣಿಯವರ ಪಕ್ಕ ಹೋಗಿ, "ಕಂಡರೂ ಕಾಣದಿದ್ದರೂ ದುಡ್ಡು ಪೂರ್ತಿ ಕೊಡ್ತೇವೆ, ಇಂಜಿನ್ ನಿಲ್ಲಿಸಿ" ಎಂದೆ. ಅವರು ನನ್ನ ಮುಖ ನೋಡಿ, "ನಮಗೂ ಅದೇ ಬೇಕು ಸರ್. ಸುಮ್ನಿದ್ರೆ ಅವೇ ಬರ್ತವೆ. ಜನ ಬಿಡೂದಿಲ್ಲ" ಎಂದರು. ಉಳಿದ ದೋಣಿಗಳು ಇನ್ನೊಂದು ಗುಂಪಿನ ಹಿಂದೆ ಹೋಗಿದ್ದವು. ಏಳೆಂಟು ನಿಮಿಷ ನಾವು ಸುಮ್ಮನೆ ತೇಲಿದೆವು. ಆಮೇಲೆ ಎಡಕ್ಕೆ, ಎಪ್ಪತ್ತು ಎಂಬತ್ತು ಮೀಟರ್ ದೂರದಲ್ಲಿರಬಹುದು, ಎರಡು ಬೆನ್ನು ಎದ್ದವು. ಒಂದು ದೊಡ್ಡದು, ಅದರ ಪಕ್ಕೆಗೆ ಅಂಟಿದಂತೆ ಒಂದು ಚಿಕ್ಕದು. ಮರಿ ತಾಯಿಯ ಪಕ್ಕೆಯಲ್ಲೇ ಈಜುತ್ತದೆ, ತಾಯಿ ಸೀಳಿದ ನೀರು ಅದನ್ನು ಅರ್ಧ ಎಳೆದುಕೊಂಡು ಹೋಗುತ್ತದೆ. ತಾಯಿ ಓಡಬೇಕಾಗಿ ಬಂದರೆ ಮರಿಗೆ ಆ ಆಸರೆ ತಪ್ಪುತ್ತದೆ. ಹುಡುಗಿ ಉಸಿರಿನ ಸದ್ದು ಕೇಳಿದ್ದು ಆಗಲೇ. ಇಂಜಿನ್ ಓಡುತ್ತಿದ್ದಾಗ ಯಾರಿಗೂ ಅದು ಕೇಳಿರಲಿಲ್ಲ.

"ಡಾಲ್ಫಿನ್ ಮನುಷ್ಯರನ್ನು ಕಾಪಾಡುತ್ತದೆ, ಜೊತೆಯಲ್ಲಿ ಈಜಬಹುದು"

ಮುಳುಗುತ್ತಿದ್ದವರನ್ನು ಡಾಲ್ಫಿನ್ ಮೇಲಕ್ಕೆ ಎತ್ತಿದ ಕಥೆಗಳು ಹಳೆಯ ಕಾಲದಿಂದ ಇವೆ. ಬಳಲಿದ ಮರಿಯನ್ನು, ಜೊತೆಗಾರನನ್ನು ಅವು ಉಸಿರಿಗಾಗಿ ಮೇಲೆ ಎತ್ತುವುದು ನಿಜ. ಅದರಿಂದ ಅವು ಮನುಷ್ಯರ ಕಾವಲುಗಾರರಾಗುವುದಿಲ್ಲ. ಜಪಾನಿನ ಫುಕುಯಿ ಪ್ರಾಂತ್ಯದ ಕಡಲತೀರಗಳಲ್ಲಿ 2022ರಿಂದ ಬೇಸಿಗೆಯಲ್ಲಿ ಈಜಲಿಳಿದ ಹಲವರನ್ನು ಡಾಲ್ಫಿನ್ ಕಚ್ಚಿ ಗಾಯಗೊಳಿಸಿದೆ. ಮುಟ್ಟಲು ಹೋಗಬೇಡಿ, ನೀರಿಗೆ ಧುಮುಕಬೇಡಿ, ಬಿಸ್ಕತ್ತು, ಮೀನು ಎಸೆಯಬೇಡಿ.

"ಈಜು ಬರುತ್ತೆ, ಜಾಕೆಟ್ ಯಾಕೆ?"

ಇಡೀ ಪಯಣದಲ್ಲಿ ನಿಜವಾಗಿ ಪ್ರಾಣ ತೆಗೆಯುವ ನಂಬಿಕೆ ಇದು. 2019ರ ಜನವರಿ 21ರಂದು ಕಾರವಾರದ ಹತ್ತಿರ, ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಮಂದಿ ತೀರಿಹೋದರು. ಅವರಲ್ಲಿ ಮಕ್ಕಳೂ ಇದ್ದರು. ಕೆರೆಯಲ್ಲಿ, ಹೊಳೆಯಲ್ಲಿ ಕಲಿತ ಈಜು ತಲೆಗೆ ಪೆಟ್ಟು ಬಿದ್ದಾಗ, ಅಲೆ ಬಾಯಿಗೆ ನುಗ್ಗಿದಾಗ, ಒಬ್ಬರು ಇನ್ನೊಬ್ಬರ ಕುತ್ತಿಗೆ ತಬ್ಬಿದಾಗ ಕೆಲಸಕ್ಕೆ ಬರುವುದಿಲ್ಲ. ಜಾಕೆಟ್ ಎಲ್ಲರಿಗೂ ಇದೆಯೇ, ಅದರ ಪಟ್ಟಿಗಳು ಸರಿಯಾಗಿ ಬಿಗಿಯುತ್ತವೆಯೇ, ಮಗುವಿನ ಅಳತೆಯದು ಸಿಗುತ್ತದೆಯೇ ಎಂದು ದಡದಲ್ಲೇ ನೋಡಿ. ದೊಡ್ಡವರ ಜಾಕೆಟ್ಟಿನಿಂದ ಮಗು ಕೆಳಗೆ ಜಾರಿಹೋಗುತ್ತದೆ. ದೋಣಿಯಲ್ಲಿ ಜನ ಹೆಚ್ಚಾದರೆ ಇಳಿದುಬಿಡಿ. ಡಾಲ್ಫಿನ್ ಕಂಡಾಗ ಎಲ್ಲರೂ ಒಂದೇ ಬದಿಗೆ ಎದ್ದು ವಾಲುವುದು ಸಣ್ಣ ದೋಣಿಗೆ ಅಪಾಯ. ಹೊಟ್ಟೆ ತೊಳೆಸುತ್ತದೆಂದು ಖಾಲಿ ಹೊಟ್ಟೆಯಲ್ಲಿ ಹೋಗುವುದೂ ತಪ್ಪು. ಎರಡು ಇಡ್ಲಿ ತಿಂದು, ದೋಣಿಯ ನಡುಭಾಗದಲ್ಲಿ ಕೂತು, ಮೊಬೈಲ್ ಬಿಟ್ಟು ದೂರದ ದಿಗಂತ ನೋಡುತ್ತಿದ್ದರೆ ಬಹಳ ಮಂದಿಗೆ ಸಾಕು.

"ಬೆಳಿಗ್ಗೆ ಮಾತ್ರ ಬರುತ್ತವೆ, ಮಳೆಗಾಲದಲ್ಲಿ ಇರುವುದೇ ಇಲ್ಲ"

ಅವು ಎಲ್ಲಿಂದಲೋ ಬರುವ ಅತಿಥಿಗಳಲ್ಲ. ಬೆಳಿಗ್ಗೆ ಗಾಳಿ ಕಡಿಮೆ, ನೀರು ಎಣ್ಣೆ ಸುರಿದಂತೆ ಸಮ, ಸಣ್ಣ ರೆಕ್ಕೆಯೂ ಕಣ್ಣಿಗೆ ಬೀಳುತ್ತದೆ. ಹೊತ್ತೇರಿದಂತೆ ಕಡಲ ಗಾಳಿ ಎದ್ದು ಬಿಳಿ ನೊರೆ ಹರಡಿದರೆ ಅದೇ ರೆಕ್ಕೆ ನೊರೆಯಲ್ಲಿ ಕಳೆದುಹೋಗುತ್ತದೆ. ಮಳೆಗಾಲದ್ದೂ ಅದೇ ಲೆಕ್ಕ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪ್ರವಾಸಿ ದೋಣಿಗಳನ್ನೂ ಮರಳ ಮೇಲೆ ಎಳೆದು ಟಾರ್ಪಾಲು ಹೊದಿಸಿರುತ್ತಾರೆ. ಅಳಿವೆಯಲ್ಲಿ ಕೆಂಪು ನೀರು ಇಳಿಯುತ್ತಿರುತ್ತದೆ, ಅಲೆ ಬಂಡೆಗೆ ಬಡಿಯುತ್ತಿರುತ್ತದೆ. ನಾವು ನೋಡಿದ ಆ ತಾಯಿ, ಆ ಮರಿ ಆಗಲೂ ಇದೇ ಕರಾವಳಿಯ ನೀರಿನಲ್ಲಿ ಉಸಿರಿಗಾಗಿ ಎದ್ದು ಮುಳುಗುತ್ತಿರುತ್ತವೆ.