ಮಾತಿನ ಸಲುಗೆ ಮತ್ತು ಮೇರೆ: ಜನಪದ ಆಚರಣೆ ಹಾಗೂ 1876ರ ನಾಟಕ ಪ್ರದರ್ಶನ ಕಾಯ್ದೆ

ವಾಕ್‌ಸ್ವಾತಂತ್ರ್ಯಕ್ಕೆ ಮೇರೆ ಇರಬೇಕೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಸಂವಿಧಾನ ಹಾಗೂ ನ್ಯಾಯಶಾಸ್ತ್ರಗಳ ಚೌಕಟ್ಟಿನಲ್ಲಿಯೇ ಚರ್ಚಿಸಲಾಗುತ್ತದೆ. ಆದರೆ ಜನಪದ ಸಮುದಾಯಗಳೂ ಈ ಪ್ರಶ್ನೆಗೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡಿವೆ.

ಉತ್ತರ ಕರ್ನಾಟಕದ ಹೋಳಿಹಬ್ಬ ಇದಕ್ಕೆ ಉತ್ತಮ ನಿದರ್ಶನ. ಹಲಗೆಯ ಬಡಿತ, ಬೊಬ್ಬೆ, ಕುಳ್ಳು-ಕಟ್ಟಿಗೆಗಳ ಕಳವು, ಅಶ್ಲೀಲವೆನಿಸುವ ಹಾಡು ಮತ್ತು ಬೈಗುಳ ಇವೆಲ್ಲವೂ ಆ ದಿನಗಳಲ್ಲಿ ಸಮ್ಮತ. ಕಾಮದಹನವಾಗಿ, ಬಣ್ಣವಾಡಿ ಮಿಂದ ಬಳಿಕ ಅದೇ ಮಾತು ಜಗಳಕ್ಕೆ ಕಾರಣವಾಗುತ್ತದೆ. ಯಕ್ಷಗಾನದ ಹಾಸ್ಯಗಾರನು ರಾಜವೇಷವನ್ನು ಕೆಣಕುವ ಸಲುಗೆಯೂ ರಂಗಸ್ಥಳಕ್ಕೆ ಸೀಮಿತವಾದುದು. ಇಲ್ಲಿ ಮೇರೆಯನ್ನು ನಿರ್ಣಯಿಸುವುದು ಮಾತಿನ ವಸ್ತುವಲ್ಲ. ಕಾಲ, ಸ್ಥಳ ಮತ್ತು ಪಾತ್ರ.

ವಸಾಹತು ಆಡಳಿತದ ದೃಷ್ಟಿ ಭಿನ್ನವಾಗಿತ್ತು. ವೇಲ್ಸ್ ರಾಜಕುಮಾರನು ಕಲ್ಕತ್ತೆಗೆ ಬಂದಾಗ ವಕೀಲ ಜಗದಾನಂದ ಮುಖರ್ಜಿಯವರು ತಮ್ಮ ಮನೆಯ ಅಂತಃಪುರದಲ್ಲಿ ಅವನನ್ನು ಸ್ವಾಗತಿಸಿದ್ದನ್ನು ಗ್ರೇಟ್ ನ್ಯಾಷನಲ್ ಥಿಯೇಟರ್ 1876ರಲ್ಲಿ ಪ್ರಹಸನವೊಂದರ ಮೂಲಕ ಲೇವಡಿ ಮಾಡಿತು. ವೈಸ್‌ರಾಯ್ ನಾರ್ತ್‌ಬ್ರೂಕ್ ಕೂಡಲೇ ಸುಗ್ರೀವಾಜ್ಞೆ ಹೊರಡಿಸಿದನು. ಅದೇ ವರ್ಷ ನಾಟಕ ಪ್ರದರ್ಶನ ಕಾಯ್ದೆ ಜಾರಿಗೆ ಬಂದಿತು. ಮಾನಹಾನಿಕರವಾದ, ಸರ್ಕಾರದ ಬಗ್ಗೆ ಅಸಮಾಧಾನ ಕೆರಳಿಸುವ ಹಾಗೂ ನೋಡುಗರ ನೀತಿಗೆಡಿಸುವ ಪ್ರದರ್ಶನಗಳನ್ನು ನಿಷೇಧಿಸುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ಆದರೆ ಧಾರ್ಮಿಕ ಉತ್ಸವಗಳಲ್ಲಿ ನಡೆಯುವ 'ಜಾತ್ರಾ' ಎಂಬ ಬಯಲಾಟ ಮತ್ತು ಅಂಥ ಪ್ರದರ್ಶನಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಹೇಳಿರುವುದು ಗಮನಾರ್ಹ. ಉತ್ಸವದ ಮಾತು ಉತ್ಸವದೊಂದಿಗೇ ಮುಗಿಯುತ್ತದೆ, ನಗರದ ರಂಗಭೂಮಿಯ ಮಾತು ಹಾಗೆ ಮುಗಿಯುವುದಿಲ್ಲ ಎಂಬ ಎಣಿಕೆ ಇದರ ಹಿಂದೆ ಇದ್ದಿರಬಹುದು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ವಿಧಿಯು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕಾಗಿಸಿತು. ಅದರ ಮೇಲಿನ ನಿರ್ಬಂಧಗಳು ಸಮಂಜಸವಾಗಿರಬೇಕೆಂಬ ಷರತ್ತು 1951ರ ತಿದ್ದುಪಡಿಯಲ್ಲಿ ಸೇರಿತು. 1956ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು 1876ರ ಕಾಯ್ದೆಯನ್ನು ಅಸಾಂವಿಧಾನಿಕವೆಂದಿತು. ಆದರೂ ಸಂಸತ್ತಿನ ಕ್ರಮದಿಂದ ಅದು ರದ್ದಾದುದು 2018ರಲ್ಲಿ.

ಹಾಗೆಂದು ಜನಪದ ಮಾದರಿಯನ್ನು ಆದರ್ಶವೆಂದು ಒಪ್ಪುವಂತಿಲ್ಲ. ಹೋಳಿಯ ಸಲುಗೆ ಬಹುಮಟ್ಟಿಗೆ ಗಂಡಸರದು. ಆ ಬೈಗುಳಗಳಿಗೆ ವಸ್ತುವಾದ ಹೆಣ್ಣಿಗೆ ಬೀದಿಯಲ್ಲಿ ನಿಂತು ಮರುನುಡಿಯುವ ಅವಕಾಶವಿರಲಿಲ್ಲ. ಕಾಯ್ದೆಯು ದೊರೆಯ ಮಾನವನ್ನು ಕಾದರೆ, ಆಚರಣೆಯು ಗಂಡಿನ ಸಲುಗೆಯನ್ನು ಕಾಯ್ದಿತು. ಆದ್ದರಿಂದ ಮೇರೆ ಬೇಕೆ ಬೇಡವೆ ಎಂಬುದಷ್ಟೇ ಪ್ರಶ್ನೆಯಲ್ಲ. ಅದು ಯಾರನ್ನು ಕಾಯುತ್ತದೆ, ಬೈಸಿಕೊಂಡವರಿಗೆ ಉತ್ತರಿಸುವ ಅವಕಾಶ ಉಳಿಯುತ್ತದೆಯೆ ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.